ಟವೆಲು ಬಿದ್ದ ಸಂಜೆ

ನಾನು ಚಿಕ್ಕವಳಿದ್ದಾಗ, ಎರಡು ಜಡೆ ಹಾಕಿಕೊಂಡು ನಾಲ್ಕನೇ ಇಯತ್ತೆಗೆ ಹೋಗುತ್ತಿದ್ದ ಕಾಲದಲ್ಲಿ, ನಮ್ಮ ಮಾಮಾ ಜಗತ್ತಿನ ಪಟ್ಟಕ್ಕಾಗಿ ಬಾಕ್ಸಿಂಗ್ ಆಡಲು ಮುಂಬಯಿಗೆ ಹೋಗಿದ್ದರು. ಮಾಮಾ ಅಂದರೆ ನನ್ನ ಅಕ್ಕನ ಗಂಡ. ಆ ದಿನ ಏನಾಯಿತು ಹೇಳಜ್ಜಿ ಅಂತ ನೀವು ಎಷ್ಟೋ ಸಲ ಕೇಳಿದ್ದೀರಿ. ನಾನು ಪ್ರತಿ ಸಲವೂ ಮಾತು ಮರೆಸಿ ನಿಮ್ಮ ಕೈಗೆ ತಿನ್ನಲು ಏನಾದರೂ ಕೊಟ್ಟು ಕಳಿಸಿದ್ದೇನೆ. ಇವತ್ತು ಕುಳಿತುಕೊಳ್ಳಿ, ಹೇಳುತ್ತೇನೆ.

ಆಗ ನಾವು ಗೋವಾದ ಕೊರ್ತಾಲಿಮ್‌ನಲ್ಲಿದ್ದೆವು. ಜುವಾರಿ ಹೊಳೆಗೆ ಮೊದಲ ಸೇತುವೆ ಕಟ್ಟುತ್ತಿದ್ದರು. ಅಪ್ಪ ವಿಜಾಪುರದ ಕಡೆಯಿಂದ ಬಂದು ಆ ಸೇತುವೆಯ ಕೆಲಸಕ್ಕೆ ಸೇರಿದ್ದ. ಹೊಳೆಯ ದಂಡೆಯಲ್ಲಿ ನಮ್ಮಂಥವರ ತಗಡಿನ ಮನೆಗಳ ಸಾಲು. ಬಿಸಿಲೇರಿದರೆ ಒಳಗೆ ಕೂರಲು ಆಗುತ್ತಿರಲಿಲ್ಲ. ಹೊರಗೆ ಬಂದರೆ ಒಣಮೀನಿನ ವಾಸನೆ, ಸಿಮೆಂಟಿನ ಧೂಳು, ಜನರನ್ನು ಆಚೆ ದಂಡೆಗೆ ಸಾಗಿಸುವ ಫೆರಿಯ ಡೀಸೆಲ್ ಹೊಗೆ. ಅಪ್ಪ, ಅವ್ವ, ನಾನು ಒಂದು ಮನೆಯಲ್ಲಿ, ಅಕ್ಕ ಮತ್ತು ಮಾಮಾ ಪಕ್ಕದ ಮನೆಯಲ್ಲಿ. ನಡುವೆ ಒಂದೇ ತಗಡು. ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳಿಸುತ್ತಿತ್ತು.

ಮಾಮಾ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು. ಅಲ್ಲಿನ ಒಬ್ಬ ಹಳೆಯ ಬಾಕ್ಸರ್, ಗೋವಾದವನೇ, ಅವರ ಭುಜಗಳನ್ನು ನೋಡಿ ಕರೆದು ಕೈಗವಸು ತೊಡಿಸಿದ್ದ. ಅವನನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಹಗಲೆಲ್ಲ ಮೂಟೆ, ಸಂಜೆ ಉಸ್ತಾದನ ಹತ್ತಿರ ಅಭ್ಯಾಸ. ಹೀಗೆ ಕೆಲವು ವರ್ಷ ಕಳೆದವು. ಮಾಮಾ ಮೊದಲು ಬಂದರಿನವರನ್ನು ಸೋಲಿಸಿದರು, ಆಮೇಲೆ ಮುಂಬಯಿಯವರನ್ನು, ಕಡೆಗೆ ಹೊರದೇಶದಿಂದ ಬಂದವರನ್ನೂ. ಕೊನೆಗೊಂದು ದಿನ, ಮಾಮಾನ ತೂಕದವರಲ್ಲಿ ಜಗಜ್ಜೇತನಾದವನೇ ಮುಂಬಯಿಗೆ ಬಂದು ಅವರ ಜೊತೆ ಆಡುತ್ತಾನೆ ಎಂದು ತೀರ್ಮಾನವಾಯಿತು.

ಗೋವಾದಲ್ಲಿ ಆಗ ಕೆಲವರು ನಮ್ಮನ್ನು 'ಘಾಂಟಿ' ಎಂದು ಕರೆಯುತ್ತಿದ್ದರು. ಘಟ್ಟದ ಮೇಲಿನಿಂದ ಇಳಿದು ಬಂದವರು ಎಂಬ ಹಗುರ ಮಾತು ಅದು. ಶಾಲೆಯಲ್ಲಿ ಕೇಳಿಸಿಕೊಂಡು ನಾನೂ ಎಷ್ಟೋ ದಿನ ಅತ್ತಿದ್ದೆ. ಆದರೆ ಮಾಮಾನ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಗಾಳಿಯೇ ಬದಲಾಯಿತು. ಬೆಳಿಗ್ಗೆ ಸೈಕಲ್ಲಿನ ಹಾರ್ನು ಒತ್ತುತ್ತ ಪಾವು, ಅಂದರೆ ಗೋವಾದ ಬ್ರೆಡ್ಡು, ಮಾರಲು ಬರುವವನು, ಅಲ್ಲಿಯವರೆಗೆ ನಮ್ಮ ಮುಖ ನೋಡಿ ಮಾತಾಡದಿದ್ದವನು, "ಆಮ್ಚೊ ಭುರ್ಗೊ" ಎನ್ನತೊಡಗಿದ. ಕೊಂಕಣಿಯಲ್ಲಿ ಹಾಗಂದರೆ 'ನಮ್ಮ ಹುಡುಗ'. ಬಿಸಿ ಪಾವೊಂದನ್ನು ಹೆಚ್ಚಿಗೆ ಕೊಟ್ಟು ಹೋಗುತ್ತಿದ್ದ. ಅವ್ವ ಅದನ್ನು ಸೆರಗಿನಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಡುತ್ತಿದ್ದಳು.

ಪಂದ್ಯದ ದಿನ ಸೇತುವೆಯ ಕೆಲಸಕ್ಕೆ ರಜೆ ಇತ್ತು. ಬೆಳಿಗ್ಗೆ ಅವ್ವ ನನ್ನ ಕೈಗೆ ಕಿಟ್ಲಿ ಕೊಟ್ಟು ಚಾಚಾನ ಅಂಗಡಿಯಿಂದ ಚಹಾ ತರಲು ಕಳಿಸಿದಳು. ಚಾಚಾನದು ನಮ್ಮ ಸಾಲಿನ ತುದಿಯಲ್ಲಿದ್ದ ಚಹಾದಂಗಡಿ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಬಾಯಲ್ಲೂ ಅದೊಂದೇ ಮಾತು.

"ನಮ್ಮಾಂವ ಗೆಲ್ತಾನ," ಎಂದ ಚಾಚಾ, ಚಹಾ ಸೋಸುತ್ತ. "ಅವನ ಎಡಗೈ ಏಟು ನೀವು ಯಾರೂ ತಿಂದಿಲ್ಲ, ಅದಕ್ಕ ಹಿಂಗ ಮಾತಾಡಾಕತ್ತೀರಿ."

ಗಾರೆ ಕೆಲಸದ ಮೇಸ್ತ್ರಿ ತಲೆ ಅಲ್ಲಾಡಿಸಿದ. ಅವನು ಮಡಗಾಂವ್‌ನ ಟಾಕೀಸಿನಲ್ಲಿ, ಸಿನಿಮಾ ಶುರುವಾಗುವ ಮುಂಚೆ ತೋರಿಸುವ ಸುದ್ದಿಯಲ್ಲಿ, ಆ ಜಗಜ್ಜೇತನನ್ನು ನೋಡಿ ಬಂದಿದ್ದ. "ನಾ ಕಣ್ಣಾರೆ ನೋಡೇನಿ. ಆ ಮನಷ್ಯಾನ ಬಲಗೈ ಎದುರಿಂದ ಬರೂದಿಲ್ಲ. ಕುಡಗೋಲು ಬೀಸಿದಂಗ ಹೊರಗಿಂದ ಸುತ್ತಿ ಬರ್ತದ. ಎಡಗಣ್ಣು ಚುರುಕ ಇದ್ದಾಂವ ಅಷ್ಟ ಅದನ್ನ ತಪ್ಪಿಸ್ಕೋತಾನ."

"ತಪ್ಪಿಸ್ಕೋತಾನೆ. ನಮ್ಮ ಹುಡುಗ ಅವನು," ಎಂದ ಪಾವಿನವನು, ತನ್ನ ಹರಕುಮುರುಕು ಕನ್ನಡದಲ್ಲಿ. ಆವತ್ತು ಅವನು ಅರ್ಧ ಬುಟ್ಟಿ ಪಾವು ಹಾಗೇ ಉಳಿಸಿಕೊಂಡು ಅಲ್ಲಿ ಕುಳಿತಿದ್ದ.

ಅಪ್ಪ ಮೂಲೆಯಲ್ಲಿದ್ದ. "ಕಡೀತನ ನಿಂತರ ಸಾಕು ನನಗ," ಎಂದ.

"ನಿಂತರ ಏನ ಬಂತು?" ಮೇಸ್ತ್ರಿಯ ದನಿ ಗಡುಸಾಯಿತು. "ಗೆಲ್ಲಬೇಕು. ಇವತ್ತ ಅಂವ ಸೋತ್ರ ನಾಳಿಂದ ನಾವು ಮತ್ತ ಘಾಂಟಿಗೋಳ. ಈ ಪಾವಿನ ಅಣ್ಣನೂ ಹಂಗ ಅಂತಾನ."

ಪಾವಿನವನು ನೆಲ ನೋಡಿದ.

ನಾನು ಚಹಾ ತಂದು ಅಕ್ಕನ ಮನೆಗೆ ಹೋದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಅಂಗಡಿಯಲ್ಲಿ ಕೇಳಿದ್ದನ್ನೆಲ್ಲ ನಾನು ಖುಷಿಯಿಂದ ಒಪ್ಪಿಸಿದೆ. ಕುಡಗೋಲಿನ ಮಾತು ಬಂದಾಗ ಕೈ ಬೀಸಿಯೂ ತೋರಿಸಿದೆ. ಅಕ್ಕನ ಕೈ ನಿಂತುಹೋಯಿತು. ಹೆಂಚಿನ ಮೇಲಿನ ರೊಟ್ಟಿ ಸೀದು ಕಪ್ಪು ಹೊಗೆ ಎದ್ದರೂ ಅವಳು ಮಗುಚಲಿಲ್ಲ.

"ಎಡಗಡೆಯಿಂದ ಬರ್ತದಂತ?" ಎಂದು ಕೇಳಿದಳು.

"ಹೂಂ. ಎಡಗಣ್ಣು ಚುರುಕ ಇದ್ರ ತಪ್ಪಿಸ್ಕೋಬಹುದಂತ."

ಅಕ್ಕ ಹಿಟ್ಟಿನ ಕೈಯಲ್ಲೇ ನನ್ನ ರಟ್ಟೆ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. "ಅವರಿಗೆ ಎಡಗಣ್ಣು ಕಾಣೂದಿಲ್ಲ," ಎಂದಳು ಪಿಸುದನಿಯಲ್ಲಿ.

ಹಿಂದಿನ ಪಂದ್ಯದಲ್ಲಿ ಬಿದ್ದ ಏಟಿನಿಂದ ಮಾಮಾನ ಎಡಗಣ್ಣಿಗೆ ಪರದೆ ಇಳಿದಂತಾಗಿತ್ತಂತೆ. ಇಬ್ಬರೂ ಯಾರಿಗೂ ಹೇಳದೆ ಪಣಜಿಗೆ ಹೋಗಿ ಒಬ್ಬ ಡಾಕ್ಟರಿಗೆ ತೋರಿಸಿದ್ದರು. ಇನ್ನು ತಲೆಗೆ ಒಂದು ಏಟೂ ಬೀಳಬಾರದು, ಬಿದ್ದರೆ ಇನ್ನೊಂದು ಕಣ್ಣಿನ ಭರವಸೆಯೂ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಅದಾದ ಕೆಲವೇ ದಿನಕ್ಕೆ ಪಟ್ಟದ ಪಂದ್ಯದ ಕರೆ ಬಂತು. ಮಾಮಾ ಅಕ್ಕನ ಕೈಯನ್ನು ತಮ್ಮ ತಲೆಯ ಮೇಲೆ ಇಡಿಸಿಕೊಂಡು, ಉಸ್ತಾದನಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿಸಿದ್ದರು. ಇದೊಂದೇ ಪಂದ್ಯ, ಇದಾದ ಮೇಲೆ ಕೈಗವಸು ಮುಟ್ಟುವುದಿಲ್ಲ ಎಂದಿದ್ದರು.

"ಪಂದ್ಯದ ಡಾಕ್ಟರು ನೋಡಲಿಲ್ಲೇನ ಮತ್ತ?" ಎಂದೆ ನಾನು.

ಅಕ್ಕ ಸೀದ ರೊಟ್ಟಿಯನ್ನು ಹೆಂಚಿನಿಂದ ತೆಗೆದಳು. ಆಮೇಲೆ ಹೇಳಿದಳು. "ಗ್ವಾಡಿಗೆ ಇಂಗ್ಲಿಷ್ ಅಕ್ಷರ ಹಚ್ಚಿ ಓದಸ್ತಾರಲ್ಲ, ಅದನ್ನ ಸಾಲಿಗೆ ಸಾಲು ಬಾಯಿಪಾಠ ಮಾಡ್ಕೊಂಡ ಹೋದ್ರು. ಕಲಿಸಿದಾಕಿ ನಾನ."

ನಮ್ಮಿಡೀ ಸಾಲಿನಲ್ಲಿ ಇಂಗ್ಲಿಷ್ ಬರುತ್ತಿದ್ದುದು ಅಕ್ಕನೊಬ್ಬಳಿಗೇ. ಮಡಗಾಂವ್‌ನ ಒಂದು ಶಾಲೆಯಲ್ಲಿ ಹತ್ತನೇ ಇಯತ್ತೆಯವರೆಗೆ ಓದಿದ್ದಳು. ಅಪ್ಪನಿಗೆ ಅದೇ ದೊಡ್ಡ ಹೆಮ್ಮೆ. ಆ ಓದು ಹೀಗೆ ಉಪಯೋಗಕ್ಕೆ ಬಂದಿತ್ತು. ಅಕ್ಕ ಒಲೆಯ ಮುಂದೆ ಕುಸಿದು ಕುಳಿತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಪಕ್ಕದ ಮನೆಯಲ್ಲಿ ಅವ್ವನಿಗೆ ಕೇಳಿಸಬಾರದಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಎದ್ದಳು. ಮುಂಬಯಿಯಲ್ಲಿ ಅವರು ಇಳಿದುಕೊಂಡ ಲಾಡ್ಜಿನ ಫೋನ್ ನಂಬರನ್ನು, ಅವಸರಕ್ಕೆ ಬೇಕಾದರೆ ಇರಲಿ ಎಂದು, ಉಸ್ತಾದ್ ಚಾಚಾನ ಅಂಗಡಿಯ ಗೋಡೆಗೆ ಇದ್ದಿಲಿನಲ್ಲಿ ಬರೆದು ಹೋಗಿದ್ದ. ಅಷ್ಟು ಗಂಡಸರ ನಡುವೆ ನಿಂತು ಅಕ್ಕ ಅದನ್ನು ಓದುವಂತಿರಲಿಲ್ಲ. ನಾನು ಹೋದೆ. "ಮತ್ತೇನ ಬೇಕಾತವಾ?" ಎಂದ ಚಾಚಾ. ಏನಿಲ್ಲ ಎಂದು ಗೋಡೆಗೆ ಒರಗಿ ನಿಂತು ಮಗ್ಗಿಯ ಹಾಗೆ ನಂಬರನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ದಾರಿಯಲ್ಲಿ ಯಾರು ಕರೆದರೂ ಮಾತಾಡಲಿಲ್ಲ. ಬಾಯಿ ಬಿಟ್ಟರೆ ಮರೆತುಹೋಗುತ್ತದೆಂಬ ಭಯ.

ಬಾಜಾರಕ್ಕೆ ಹೋಗಿ ಬರ್ತೀವಿ ಎಂದು ಅವ್ವನಿಗೆ ಹೇಳಿ ನಾವಿಬ್ಬರೂ ಮಡಗಾಂವ್ ಬಸ್ಸು ಹತ್ತಿದೆವು. ಆಗ ದೂರದ ಊರಿಗೆ ಫೋನ್ ಮಾಡಬೇಕಾದರೆ ಫೋನಿನ ಕಚೇರಿಗೆ ಹೋಗಿ ನಂಬರು ಹೇಳಿ ಕಾಯಬೇಕಿತ್ತು. ಲೈನು ಸಿಕ್ಕಾಗ ಕರೆಯುತ್ತಿದ್ದರು. ಅದಕ್ಕೆ ಟ್ರಂಕ್ ಕಾಲ್ ಎನ್ನುತ್ತಿದ್ದರು. ಬೆಂಚಿನ ಮೇಲೆ ಕುಳಿತೆವು. ಗಂಟೆ ಬಾರಿಸಿದಾಗಲೆಲ್ಲ ಅಕ್ಕ ಎದ್ದು ನಿಲ್ಲುತ್ತಿದ್ದಳು. ಬೇರೆ ಊರಿನ ಹೆಸರು ಕೂಗಿದರೆ ಮತ್ತೆ ಕುಳಿತುಕೊಳ್ಳುತ್ತಿದ್ದಳು. ಒಬ್ಬರಿಗೆ ಪುಣೆ ಸಿಕ್ಕಿತು, ಒಬ್ಬರಿಗೆ ಬೆಳಗಾವಿ ಸಿಕ್ಕಿತು. ಬಾಗಿಲಿನಿಂದ ಒಳಗೆ ಬಿದ್ದ ಬಿಸಿಲು ನಮ್ಮ ಕಾಲಿನಿಂದ ಮೇಲೇರಿ ಎದುರಿನ ಗೋಡೆಗೆ ಹೋಯಿತು. ನನಗೆ ಹಸಿವಾಗಿತ್ತು. ಕೇಳಲು ಧೈರ್ಯವಾಗಲಿಲ್ಲ.

ಕೊನೆಗೆ ಮುಂಬಯಿ ಎಂದು ಕೂಗಿದರು. ಗಾಜಿನ ಗೂಡಿನೊಳಗೆ ಅಕ್ಕನ ಜೊತೆ ನಾನೂ ತೂರಿಕೊಂಡೆ. ಆ ಕಡೆ ಲಾಡ್ಜಿನ ಯಾವನೋ ಒಬ್ಬ ಇದ್ದ. ಎಲ್ಲರೂ ಆಗಲೇ ಮೈದಾನಕ್ಕೆ ಹೋದರು ಎಂದನಂತೆ. ಅಕ್ಕ ಹಿಂದಿಯಲ್ಲಿ ಕೂಗತೊಡಗಿದಳು. ಓಡಿ ಹೋಗಿ ಉಸ್ತಾದನಿಗೆ ಹೇಳಿ, ಅವರಿಗೆ ಎಡಗಣ್ಣು ಕಾಣುವುದಿಲ್ಲ, ಹೆಂಡತಿ ಹೇಳಿದಳು ಅನ್ನಿ, ಪಂದ್ಯ ನಿಲ್ಲಿಸಲಿ. ಅವನಿಗೆ ಸರಿಯಾಗಿ ಕೇಳಿಸಲಿಲ್ಲ. ಯಾರಿಗೆ ಕಾಣುವುದಿಲ್ಲ ಎಂದು ಕೇಳಿದ. ಅಕ್ಕ ಮತ್ತೆ ಕೂಗಿದಳು, ಕುತ್ತಿಗೆಯ ನರ ಉಬ್ಬುವಂತೆ. ಅಷ್ಟರಲ್ಲಿ ಲೈನು ಕಡಿದುಹೋಯಿತು. ಹೊರಗೆ ಬೆಂಚಿನ ಮೇಲೆ ಇದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು.

ಮತ್ತೊಮ್ಮೆ ಕಾಯಲು ಹೊತ್ತಿರಲಿಲ್ಲ. ಬಸ್ಸಿನಲ್ಲಿ ಅಕ್ಕ ಕಿಟಕಿಯ ಸರಳು ಹಿಡಿದು ಕುಳಿತಿದ್ದಳು. "ಅವಗ ಕೇಳಿಸ್ತೋ ಇಲ್ಲೋ," ಎಂದು ಒಂದೇ ಸಲ ಅಂದಳು. ನನಗೆ ಹೇಳಿದ್ದಲ್ಲ ಅದು.

ನಾವು ಇಳಿದಾಗ ಹೊತ್ತು ಮುಳುಗುತ್ತಿತ್ತು. ಇಡೀ ಸಾಲಿನ ಜನ ಚಾಚಾನ ಅಂಗಡಿಯ ಮುಂದೆ ಸೇರಿದ್ದರು. ಹೆಂಗಸರು ಮಕ್ಕಳೂ ಇದ್ದರು. ಮೇಜಿನ ಮೇಲೆ ರೇಡಿಯೋ, ಅದರ ತಂತಿಯನ್ನು ತೆಂಗಿನಮರಕ್ಕೆ ಎಳೆದು ಕಟ್ಟಿದ್ದರು. ಮುಂಬಯಿಯಿಂದ ಒಬ್ಬ ಇಂಗ್ಲಿಷಿನಲ್ಲಿ ಪಂದ್ಯದ ವಿವರ ಹೇಳುತ್ತಿದ್ದ. ಯಾರಿಗೂ ಒಂದಕ್ಷರ ತಿಳಿಯುತ್ತಿರಲಿಲ್ಲ. ಉಸ್ತಾದ್ ಇದ್ದಿದ್ದರೆ ಅರ್ಥ ಹೇಳುತ್ತಿದ್ದ. ಪಾವಿನವನಿಗೆ ಬರುತ್ತಿದ್ದುದು ಪೋರ್ಚುಗೀಸ್.

"ಬಾರವಾ, ಬಾ. ಎಲ್ಲಿ ಹೋಗಿದ್ದಿ?" ಎಂದು ಮೇಸ್ತ್ರಿ ಜನರನ್ನು ಸರಿಸಿ ಅಕ್ಕನಿಗೆ ದಾರಿ ಮಾಡಿದ. "ಏನಂತಾನ ಹೇಳು. ನಮ್ಮ ಜೀವಾ ಹೋಗಾಕತ್ತದ."

ಅಕ್ಕನನ್ನು ರೇಡಿಯೋದ ಪಕ್ಕ ಕೂರಿಸಿದರು. ಅವಳು ನನ್ನ ಕೈ ಬಿಡಲಿಲ್ಲ. ಒಳಗೆ ಆ ಮನುಷ್ಯ ಓಡುತ್ತಿರುವವನಂತೆ ಮಾತಾಡುತ್ತಿದ್ದ. ಅವನ ಹಿಂದೆ ಸಾವಿರಾರು ಜನರ ಗದ್ದಲ ಕಡಲಿನ ಹಾಗೆ ಕೇಳುತ್ತಿತ್ತು. ಅಕ್ಕ ಒಂದೊಂದೇ ಮಾತು ಹೇಳತೊಡಗಿದಳು.

"ಎಡಗಡೆ ಬಿತ್ತು." ಸ್ವಲ್ಪ ಬಿಟ್ಟು, "ಮತ್ತ ಎಡಗಡೆ."

"ತಪ್ಪಿಸ್ಕೊಳಾಕತ್ತಿಲ್ಲೇನ?" ಎಂದ ಯಾರೋ.

"ಇಲ್ಲ."

ಗಂಡನಿಗೆ ಬಿದ್ದ ಪ್ರತಿಯೊಂದು ಏಟನ್ನೂ ಅವಳು ತನ್ನ ಬಾಯಿಂದಲೇ ಊರಿಗೆಲ್ಲ ಹೇಳಬೇಕಿತ್ತು. ಆಟದ ನಡುವೆ ಬಿಡುವು ಬಂದಾಗಲೆಲ್ಲ ಗಂಡಸರ ವಾದ ಶುರುವಾಗುತ್ತಿತ್ತು. ಹತ್ತಿರ ಹೋಗಿ ಹೊಡೀಬೇಕು, ಇಲ್ಲ ದೂರ ನಿಲ್ಲಬೇಕು, ದಣಿದಿದ್ದಾನೆ, ಇಲ್ಲ ದಣಿವು ನಟಿಸುತ್ತಿದ್ದಾನೆ. ಅವರು ವಾದಿಸುವಷ್ಟು ಹೊತ್ತೂ ಅಕ್ಕ ಕಣ್ಣು ಮುಚ್ಚಿಕೊಂಡು ಕುಳಿತಿದ್ದಳು. ಅಪ್ಪ ದೂರದಿಂದ ಅವಳನ್ನೇ ನೋಡುತ್ತಿದ್ದ. ಏನೋ ಸರಿಯಿಲ್ಲ ಎಂದು ಅವನಿಗೆ ತಿಳಿದಿತ್ತು ಅನ್ನಿಸುತ್ತದೆ.

ಆಮೇಲೆ ಆಟ ತಿರುಗಿತು. ಮಾಮಾ ಹಕ್ಕಿಯ ಹಾಗೆ ಮತ್ತೆ ಮತ್ತೆ ಕತ್ತು ಹೊರಳಿಸಿ ನೋಡುತ್ತಿದ್ದಾರೆ, ಹಾಗೆ ಹೊರಳಿಸಿದಾಗ ಕುಡಗೋಲಿನ ಏಟು ತಪ್ಪುತ್ತಿದೆ ಎಂದು ರೇಡಿಯೋದವನು ಹೇಳಿದನಂತೆ. ಅದು ಯಾಕೆ ಎಂದು ಅವನಿಗೆ ಗೊತ್ತಿರಲಿಲ್ಲ. ನಮ್ಮಿಬ್ಬರಿಗೆ ಗೊತ್ತಿತ್ತು. ಇದ್ದಕ್ಕಿದ್ದಂತೆ ರೇಡಿಯೋದೊಳಗಿನ ಗದ್ದಲ ಹೆಚ್ಚಿತು.

"ನಮ್ಮವರು ಹೊಡದ್ರು," ಎಂದಳು ಅಕ್ಕ. "ಎಡಗೈಲೆ. ಅಂವ ಹಗ್ಗಕ್ಕ ಒರಗಿದ. ಮತ್ತ ಹೊಡದ್ರು. ಅವನ ಕಾಲು ತಪ್ಪಾಕತ್ತಾವಂತ."

ಜನ ಎದ್ದು ನಿಂತರು. ಚಾಚಾ ಅಳುತ್ತಿದ್ದ. ಮೇಸ್ತ್ರಿ ಮತ್ತು ಪಾವಿನವನು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ನಿಂತದ್ದನ್ನು ನಾನು ಕಣ್ಣಾರೆ ನೋಡಿದೆ. ಗಂಟೆ ಬಾರಿಸಿ ಬಿಡುವು ಬಂತು. ಇನ್ನೊಂದೆರಡು ಸುತ್ತಿನಲ್ಲಿ ಮುಗಿಸುತ್ತಾನೆ ಎಂದು ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು.

ರೇಡಿಯೋದವನು ಈಗ ಮೆಲ್ಲಗೆ ಏನೋ ಹೇಳುತ್ತಿದ್ದ. ಅಕ್ಕ ಮುಂದೆ ಬಾಗಿದಳು. "ಯಾರೋ ಒಬ್ಬಾಂವ ಬಂದು ಉಸ್ತಾದರ ಕಿವ್ಯಾಗ ಏನೋ ಹೇಳಿದನಂತ," ಎಂದಳು. ಆಮೇಲೆ, "ಉಸ್ತಾದ್ರು ಅವರ ಮುಖದ ಮುಂದ ಬೆರಳು ಹಿಡದಾರಂತ." ಅವಳ ಉಗುರು ನನ್ನ ಅಂಗೈಗೆ ಚುಚ್ಚಿಕೊಂಡಿತು. ಉಸ್ತಾದ್ ಎಷ್ಟು ಬೆರಳು ಹಿಡಿದನೋ, ಮಾಮಾ ಎಷ್ಟು ಎಂದರೋ, ಅದನ್ನು ಯಾವ ರೇಡಿಯೋ ಹೇಳೀತು? ಗಂಟೆ ಬಾರಿಸಿತು. ಮಾಮಾ ಎದ್ದು ನಡುವಿಗೆ ಬಂದರು. ಆಗ ಆ ಮನುಷ್ಯ ಒಂದೇ ಮಾತನ್ನು ಎರಡೆರಡು ಸಲ ಹೇಳಿದ. ಅಕ್ಕ ರೇಡಿಯೋದಿಂದ ಹಿಂದೆ ಸರಿದಳು.

"ಏನಾತವಾ? ಹೇಳು," ಎಂದ ಚಾಚಾ.

"ಟವೆಲು ಒಗದ್ರು," ಎಂದಳು. "ಉಸ್ತಾದ್ರು ಟವೆಲು ಒಗದ್ರು. ಆಟ ಮುಗೀತು."

ಆಟಗಾರನ ಕಡೆಯವರು ಅಂಗಳಕ್ಕೆ ಟವೆಲು ಎಸೆದರೆ ಸೋಲು ಒಪ್ಪಿಕೊಂಡಂತೆ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಂದು ಕ್ಷಣ ಹೊಳೆಯ ನೀರು ದಂಡೆಗೆ ಬಡಿಯುವುದು ಕೇಳಿಸಿತು. ಆಮೇಲೆ ಮೇಸ್ತ್ರಿ ತಾನು ಕುಳಿತಿದ್ದ ಪೆಟ್ಟಿಗೆಯನ್ನು ಒದ್ದ.

"ನಿಂತಿದ್ದನಲ್ಲ ಅಂವ. ಗೆಲ್ಲಾಕತ್ತಿದ್ದನಲ್ಲ. ಯಾಕ ಒಗದ? ಆ ಉಸ್ತಾದ ನಮ್ಮ ಹುಡುಗನ್ನ ಮಾರಿ ಬಂದಾನ."

ಪಾವಿನವನು ಹೆಗಲ ಮೇಲಿನ ಕೈ ಕೊಡವಿದ. ಉಸ್ತಾದ್ ಅವನ ಊರಿನವನು. ನಮ್ಮವನ ಹೆಸರು ಎತ್ತಬೇಡ ಎಂದು ಕೊಂಕಣಿಯಲ್ಲಿ ಏರುದನಿ ಮಾಡಿದ. ಮಾತು ಬೆಳೆಯಿತು. ಯಾರೋ ಯಾರದೋ ಅಂಗಿ ಹಿಡಿದರು. ಉಸ್ತಾದ್ ಊರಿಗೆ ಕಾಲಿಡಲಿ, ನೋಡಿಕೊಳ್ಳುತ್ತೇವೆ ಎಂದು ಕೆಲವರು ಹಲ್ಲು ಕಡಿದರು. ಅವ್ವ ನನ್ನನ್ನು ಹಿಂದಕ್ಕೆ ಎಳೆದಳು. ಆಗ ಅಕ್ಕ ಎದ್ದು ನಿಂತಳು.

"ಉಸ್ತಾದರದು ಏನೂ ತಪ್ಪಿಲ್ಲ," ಎಂದಳು. "ನಾ ಮಡಗಾಂವಿಗೆ ಹೋಗಿ ಫೋನ್ ಮಾಡಿಸಿದ್ದೆ. ಅವರಿಗೆ ಒಂದ ಕಣ್ಣು ಕಾಣೂದಿಲ್ಲ. ಇನ್ನೊಂದೂ ಹೋಗಬಾರದಂತ ನಿಲ್ಲಿಸ ಅಂದೆ. ಏನ ಬೈತೀರೋ ನನಗ ಬೈರಿ."

ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹಿಡಿದ ಅಂಗಿಗಳನ್ನು ಬಿಟ್ಟು ಅವಳನ್ನು ನೋಡಿದರು, ಅಷ್ಟೆ. ಆ ನೋಟದಲ್ಲಿ ಕನಿಕರ ಇರಲಿಲ್ಲ. ಜಗತ್ತು ಅವರ ಬಾಗಿಲವರೆಗೆ ಬಂದಿತ್ತು, ಇವಳು ಬಾಗಿಲು ಹಾಕಿದಳು, ಹಾಗೆ ನೋಡಿದರು. ಒಬ್ಬೊಬ್ಬರಾಗಿ ಎದ್ದು ಹೋದರು. ಅಪ್ಪ ಮಾತ್ರ ಬಂದು ಅಕ್ಕನ ತಲೆಯ ಮೇಲೆ ಸೆರಗು ಸರಿಪಡಿಸಿ, "ನಡೀವಾ ಮನಿಗೆ," ಎಂದ.

ಮರುದಿನದಿಂದ ನಲ್ಲಿಯ ಹತ್ತಿರ ಅಕ್ಕ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಪಾವಿನವನು ಎಣಿಸಿದಷ್ಟೇ ಪಾವು ಕೊಟ್ಟು, ತಲೆ ಎತ್ತದೆ ಸೈಕಲ್ ತಿರುಗಿಸುತ್ತಿದ್ದ. ಮಾಮಾ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದರು. ನನಗೆ ಮುಂಬಯಿಯಿಂದ ರಿಬ್ಬನ್ ತಂದಿದ್ದರು. ಅಕ್ಕನ ಕಡೆ ನೋಡಲಿಲ್ಲ. ತಟ್ಟೆ ಮುಂದಿಟ್ಟರೆ ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದರು. ಮಾತು ಕೇಳಿಸುತ್ತದೇನೋ ಎಂದು ಎಷ್ಟೋ ಹೊತ್ತು ನಾನು ತಗಡಿಗೆ ಕಿವಿ ಇಟ್ಟು ಮಲಗಿರುತ್ತಿದ್ದೆ. ಏನೂ ಕೇಳಿಸುತ್ತಿರಲಿಲ್ಲ. ಹೀಗೆ ಮಳೆಗಾಲ ಬಂದು ಹೋಯಿತು.

ಎಡಗಣ್ಣು ಪೂರಾ ಹೋಯಿತು. ಬಲಗಣ್ಣು ಉಳಿಯಿತು. ಅಕ್ಕ ಫೋನ್ ಮಾಡಿದ್ದಕ್ಕೇ ಉಳಿಯಿತೋ, ಹೇಗಿದ್ದರೂ ಉಳಿಯುತ್ತಿತ್ತೋ, ಯಾವ ಡಾಕ್ಟರಿಗೂ ಹೇಳಲಾಗಲಿಲ್ಲ. ಅಕ್ಕನ ದೊಡ್ಡ ಸಂಕಟ ಅದೇ ಆಗಿತ್ತು.

ಒಂದು ದಿನ ನಾವೆಲ್ಲ ಆಚೆ ದಂಡೆಗೆ ಹೋಗಲು ಫೆರಿಗೆ ಇಳಿಯುತ್ತಿದ್ದೆವು. ಇಳಿಜಾರಿನಲ್ಲಿ ಪಾಚಿ ಕಟ್ಟಿತ್ತು. ಎಡಗಡೆ ಅಂಚು ಕಾಣದೆ ಮಾಮಾ ಜಾರಿದರು. ಅಕ್ಕ ಹಾರಿ ಅವರ ತೋಳು ಹಿಡಿದಳು. ಕೊಸರಿಕೊಳ್ಳುತ್ತಾರೆ ಅಂದುಕೊಂಡೆ. ಕೊಸರಿಕೊಳ್ಳಲಿಲ್ಲ. ಆಚೆ ದಂಡೆ ಮುಟ್ಟುವವರೆಗೂ ಆ ತೋಳು ಅವಳ ಕೈಯಲ್ಲೇ ಇತ್ತು. ಅವತ್ತಿನಿಂದ ಮಾಮಾ ತೀರಿಕೊಳ್ಳುವವರೆಗೂ ಅಕ್ಕ ಅವರ ಎಡಗಡೆಯಲ್ಲೇ ನಡೆದಳು.

ವಯಸ್ಸಾದ ಮೇಲೆ ಮಾಮಾ ಒಮ್ಮೊಮ್ಮೆ ಊಟ ಮಾಡುತ್ತ ಮಾಡುತ್ತ ತಟ್ಟನೆ ಕೇಳುತ್ತಿದ್ದರು. "ಆವತ್ತ ನಾ ಗೆಲ್ತಿದ್ದೆನೇನ?"

"ಗೆಲ್ತಿದ್ರಿ," ಎನ್ನುತ್ತಿದ್ದಳು ಅಕ್ಕ. ಎಷ್ಟು ಸಲ ಕೇಳಿದರೂ ಅದೇ ಮಾತು. ಮಾಮಾ ತಲೆಯಾಡಿಸಿ ಮತ್ತೆ ಊಟಕ್ಕೆ ತೊಡಗುತ್ತಿದ್ದರು.

ಈಗ ನೀವು ಮಡಗಾಂವ್‌ನ ಈ ಮನೆಯಲ್ಲಿ ಸೋಫಾದ ಮೇಲೆ ಒತ್ತಾಗಿ ಕುಳಿತು ಯಾವುದೋ ದೇಶದ ಪಂದ್ಯವನ್ನು ಟೀವಿಯಲ್ಲಿ ನೋಡುತ್ತೀರಿ. ಬಿದ್ದ ಏಟನ್ನು ಹಿಂದೆ ತಿರುಗಿಸಿ ಮತ್ತೆ ನಿಧಾನವಾಗಿ ತೋರಿಸುತ್ತಾರೆ. ಯಾರು ಗೆಲ್ಲುತ್ತಾರೆ ಎಂದು ಕಂಡು ಕೇಳದ ಊರಿನವರ ಜೊತೆ ಮೊಬೈಲಿನಲ್ಲಿ ಜಗಳಾಡುತ್ತೀರಿ. ಅರ್ಥ ಹೇಳಲು ನಿಮಗೆ ಯಾರೂ ಬೇಕಿಲ್ಲ. ನಿಮ್ಮಲ್ಲಿ ಒಬ್ಬಳು ತಾನೂ ಬಾಕ್ಸಿಂಗ್ ಕಲಿಯಲು ಹೋಗುತ್ತಾಳೆ. ತಲೆಗೆ ದಪ್ಪ ಕವಚ ಹಾಕುತ್ತಾರೆ, ಕಣ್ಣನ್ನು ಯಂತ್ರದಲ್ಲಿ ಇಟ್ಟು ನೋಡುತ್ತಾರೆ. ನನಗೆ ಸಮಾಧಾನ. ಆದರೂ ಟೀವಿಯಲ್ಲಿ ಗಂಟೆ ಬಾರಿಸಿದ ಕೂಡಲೇ ನಾನು ಎದ್ದು ಬಾಲ್ಕನಿಗೆ ಹೋಗಿ ನಿಲ್ಲುತ್ತೇನೆ. ಅಜ್ಜಿಗೆ ಭಯ ಎಂದು ನೀವು ನಗುತ್ತೀರಿ.

ಮುಗಿದ ಮೇಲೆ ಯಾರು ಗೆದ್ದರು ಎಂದು ಹೇಳಲು ಓಡಿ ಬರುತ್ತೀರಿ. ನಾನು ಬೇರೆಯೇ ಕೇಳುತ್ತೇನೆ. ಸೋತಾಂವ ತನ್ನ ಕಾಲ ಮ್ಯಾಲ ತಾನ ನಡಕೊಂಡ ಹೋದನ? ಮೊದಮೊದಲು ನಿಮಗೆ ಅದು ಗೊತ್ತಿರುತ್ತಿರಲಿಲ್ಲ. ನೋಡಿರುತ್ತಿರಲಿಲ್ಲ. ಈಗೀಗ ಗೆದ್ದವನ ಹೆಸರು ಹೇಳುವ ಮುಂಚೆಯೇ ಚಿಕ್ಕವಳು ಬಾಗಿಲಲ್ಲಿ ನಿಂತು ಹೇಳಿಬಿಡುತ್ತಾಳೆ, "ನಡಕೊಂಡ ಹೋದಾ ಅಜ್ಜಿ, ಒಳಗ ಬಾ."